ಪದಚರ್ಚೆ: ಮಗು ಹೊಟ್ಟೆಯೊಳಗೇ ‘ಕುಡಿದುಬಿಟ್ಟಿದೆ’ ಅನ್ನುವುದು ಸರಿಯೇ?

ಗೆಳೆಯರೇ,

ನನಗೆ ಒಂದು ಪದ ಬೇಕು. ಅದಕ್ಕಿಂತ ಮುಖ್ಯವಾಗಿ ಒಂದು ಕ್ರಿಯಾಪದ ಬೇಕು. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಮನೆಯ ವಿಷಯ ಹೇಳಬೇಕಾಗುತ್ತದೆ.

ನಾವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯವರು. ಹೋದ ಮಾವಿನ ಕಾಲದಲ್ಲಿ ನನ್ನ ತಂಗಿಗೆ ಹೆರಿಗೆಯಾಯಿತು. ಚೊಚ್ಚಲು. ಡಾಕ್ಟರು ಕೊಟ್ಟ ತಾರೀಖು ದಾಟಿ ಒಂದು ವಾರ ಆಗಿತ್ತು. ಬೆಳಗಿನ ಜಾವ ನೀರು ಒಡೆಯಿತು. ನಮ್ಮ ದೊಡ್ಡಮ್ಮ ಸೀರೆ ನೋಡಿ, ‘ಇದೇನಮ್ಮ, ಕೆರೆ ಪಾಚಿ ಹಂಗಿದೆ’ ಅಂದರು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನೀರು ಒಡೆದರೆ ಆಸ್ಪತ್ರೆಗೆ ಹೋಗಬೇಕು ಅಂತ ಗೊತ್ತಿತ್ತು. ಬಣ್ಣ ಹೇಳಬೇಕು ಅಂತ ಗೊತ್ತಿರಲಿಲ್ಲ. ಕಾಫಿ ಕುಡಿದು, ದೀಪ ಹಚ್ಚಿ, ನಿಧಾನವಾಗಿ ಹೊರಟೆವು.

ಹೆರಿಗೆ ಆದ ಮೇಲೆ ನರ್ಸ್ ಹೊರಗೆ ಬಂದು ಒಂದೇ ಮಾತು ಹೇಳಿದರು: ‘ಮಗು ಒಳಗೇ ಮೋಷನ್ ಮಾಡ್ಕೊಂಡು ಕುಡಿದುಬಿಟ್ಟಿದೆ. ಎಸ್‌ಎನ್‌ಸಿಯುಗೆ ಹಾಕಿದೀವಿ.’ ಎಸ್‌ಎನ್‌ಸಿಯು ಅಂದರೆ ಹುಷಾರಿಲ್ಲದ ಹಸುಗೂಸುಗಳನ್ನು ಇಟ್ಟು ನೋಡಿಕೊಳ್ಳುವ ವಿಭಾಗ. ಅಷ್ಟು ಹೇಳಿ ನರ್ಸ್ ಒಳಗೆ ಹೋದರು. ಅವರಿಗೂ ಕೈತುಂಬ ಕೆಲಸ.

ಆಮೇಲೆ ಆ ಬಾಗಿಲ ಮುಂದೆ ನಡೆದ ಮಾತುಕತೆ ನನಗೆ ಇನ್ನೂ ನೆನಪಿದೆ. ‘ಕುಡಿದಿದ್ರೆ ವಾಂತಿ ಮಾಡ್ಸಿ ಅನ್ನಿ’ ಅಂದಿದ್ದು ನಮ್ಮಜ್ಜಿ. ‘ಹೊಟ್ಟೆ ತೊಳೆಸಿಬಿಡೋಣ, ದುಡ್ಡಿನ ಯೋಚನೆ ಬೇಡ’ ಅಂದಿದ್ದು ನಮ್ಮ ಭಾವ. ಇನ್ನೊಬ್ಬ ನೆಂಟರಂತೂ, ‘ಹೊಟ್ಟೆಗೆ ಹೋಗಿದ್ದು ಹೊರಗೆ ಬಂದೇ ಬರುತ್ತೆ. ಸುಮ್ನೆ ಯಾಕೆ ಮಗೂನ ಗಾಜಿನ ಪೆಟ್ಟಿಗೇಲಿ ಇಟ್ಕೊಂಡವ್ರೆ’ ಅಂತ ಎರಡನೇ ದಿನವೇ ಮನೆಗೆ ಕರೆದುಕೊಂಡು ಹೋಗೋಣ ಎಂದು ಹಟ ಹಿಡಿದರು. ನಾವು ಒಪ್ಪಿಬಿಡುವುದರಲ್ಲಿದ್ದೆವು. ಆಗ ಮಗುವಿಗೆ ಆಕ್ಸಿಜನ್ ಕೊಡುತ್ತಿದ್ದರು.

ಇವರಲ್ಲಿ ಯಾರೂ ದಡ್ಡರಲ್ಲ. ‘ಕುಡಿದಿದೆ’ ಅಂದರೆ ಕನ್ನಡದಲ್ಲಿ ಹೊಟ್ಟೆಗೆ ಹೋಯಿತು ಅಂತಲೇ ಅರ್ಥ. ಕೇಳಿದ ಮಾತಿಗೆ ತಕ್ಕಂತೆ ಅವರು ಸರಿಯಾಗಿಯೇ ಯೋಚಿಸಿದರು. ಮಾತೇ ದಾರಿ ತಪ್ಪಿಸಿತು.

ನಿಜವಾಗಿ ಆಗಿದ್ದು ಏನು ಅಂತ ಆಮೇಲೆ ಮಕ್ಕಳ ಡಾಕ್ಟರು ಕೂರಿಸಿಕೊಂಡು ಹೇಳಿದರು. ಮಗು ಹೊಟ್ಟೆಯಲ್ಲಿರುವಾಗ ಸುತ್ತಲಿನ ನೀರನ್ನು ಕುಡಿಯುವುದು ಸಹಜ. ತುಂಬು ತಿಂಗಳಲ್ಲಿ ದಿನಕ್ಕೆ ಅರ್ಧ ಲೀಟರ್ ಅಥವಾ ಅದಕ್ಕೂ ಜಾಸ್ತಿ ಕುಡಿಯುತ್ತದಂತೆ. ಅದರಿಂದ ಏನೂ ಆಗುವುದಿಲ್ಲ. ಮಗುವಿನ ಕರುಳಿನಲ್ಲಿ ತಿಂಗಳುಗಟ್ಟಲೆ ಕೂಡಿಕೊಂಡ ಮಲ ಇರುತ್ತದಲ್ಲ, ಅದು ಹುಟ್ಟಿದ ಮೇಲೆ ಮೊದಲ 24 ಗಂಟೆಯೊಳಗೆ ಹೊರಗೆ ಬರಬೇಕು. ಕೆಲವು ಸಲ ಹುಟ್ಟುವ ಮೊದಲೇ ಬಂದುಬಿಡುತ್ತದೆ. ನೂರು ಹೆರಿಗೆಯಲ್ಲಿ ಹೆಚ್ಚುಕಡಿಮೆ 10ರಿಂದ 15ರಲ್ಲಿ ಹೀಗಾಗುತ್ತದೆ. ದಿನ ತುಂಬಿ ಕರುಳು ಬಲಿತಿದ್ದರೆ ಯಾವ ತೊಂದರೆ ಇಲ್ಲದೆಯೂ ಆಗಬಹುದು. ಅದಕ್ಕೇ ತಾರೀಖು ದಾಟಿದ ಬಸುರಿನಲ್ಲಿ ಇದು ಜಾಸ್ತಿ. 37 ವಾರಕ್ಕೆ ಮುಂಚೆ ಹುಟ್ಟುವ ಮಕ್ಕಳಲ್ಲಿ ಕಡಿಮೆ. ಇನ್ನು ಕೆಲವು ಸಲ ಮಗುವಿಗೆ ಆಕ್ಸಿಜನ್ ಸಾಲದೆ ಒದ್ದಾಡುವಾಗ ಹಿಡಿತ ಸಡಿಲವಾಗಿ ಬರುತ್ತದೆ. ಭಯ ಇರುವುದು ಇಲ್ಲೇ. ಒದ್ದಾಡುವ ಮಗು ಒಳಗೇ ಜೋರಾಗಿ ಉಸಿರೆಳೆಯುತ್ತದೆ. ಇಲ್ಲವೇ ಹೊರಗೆ ಬಂದು ಮೊದಲ ಉಸಿರು ತೆಗೆದುಕೊಳ್ಳುವಾಗ ಎಳೆಯುತ್ತದೆ. ಆ ಅಂಟು ನೀರು ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ.

ಹೋದ ಮೇಲೆ ಒಂದೇ ತೊಂದರೆ ಅಲ್ಲ. ಸಣ್ಣ ಸಣ್ಣ ಉಸಿರು ಕೊಳವೆಗಳಲ್ಲಿ ಬಿರಡೆಯ ಹಾಗೆ ಕೂರುತ್ತದೆ. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಶ್ವಾಸಕೋಶದ ಗಾಳಿಗೂಡುಗಳು ಮುದುಡದಂತೆ ಕಾಯುವ ಒಂದು ಜಾರು ಪದಾರ್ಥ ಇದೆ, ಅದನ್ನು ಕೆಡಿಸುತ್ತದೆ. ಒಳಗೆಲ್ಲ ಉರಿಯೂತ ಆಗುತ್ತದೆ. ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡರೆ ರಕ್ತ ಅಲ್ಲಿಗೆ ಸರಿಯಾಗಿ ಹರಿಯುವುದೇ ಇಲ್ಲ. ಹಾಗಾದರೆ ಜೀವಕ್ಕೇ ಅಪಾಯ. ಹೀಗೆ ನೀರು ಹಸಿರಾದ ಹೆರಿಗೆಗಳಲ್ಲಿ ನೂರಕ್ಕೆ 5ರಷ್ಟು ಮಕ್ಕಳಿಗೆ ಮಾತ್ರ ಉಸಿರಾಟದ ಕಾಯಿಲೆ ಬರುತ್ತದೆ. ಉಳಿದವು ಅತ್ತು, ಕೈಕಾಲು ಆಡಿಸಿ, ಅಮ್ಮನ ಪಕ್ಕ ಮಲಗುತ್ತವೆ. ಆದರೆ ಆ ಐದರಲ್ಲಿ ಒಂದು ನಮ್ಮನೆಯದು.

ಈಗ ಕ್ರಿಯಾಪದಕ್ಕೆ ಬರುತ್ತೇನೆ.

ನಮ್ಮ ಕಡೆ ಅರ್ಧ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ. ಅವರೂ ‘ಉಮ್ಮನೀರು ತಾಗಿಂದಿ’ ಅಂತಲೇ ಹೇಳುತ್ತಾರೆ. ಉಮ್ಮನೀರು ಅಂದರೆ ಬಸುರಿನ ನೀರು. ಎಷ್ಟು ಚಂದದ ಪದ! ಕನ್ನಡದಲ್ಲಿ ನಾವು ಬರೀ ‘ನೀರು’ ಅಂದು ಮುಗಿಸುತ್ತೇವೆ. ಆದರೆ ಅವರ ಕ್ರಿಯಾಪದವೂ ‘ಕುಡಿಯಿತು’ ಅಂತಲೇ. ಹಾಗಾಗಿ ತಪ್ಪು ತಿಳಿವಳಿಕೆ ಎರಡೂ ಭಾಷೆಯಲ್ಲಿ ಒಂದೇ.

ನನಗೆ ಮೊದಲು ಹೊಳೆದಿದ್ದು ‘ನೆತ್ತಿಗೆ ಹತ್ತಿದೆ’. ಊಟ ಮಾಡುವಾಗ ನೀರು ದಾರಿ ತಪ್ಪಿ ಕೆಮ್ಮು ಬಂದರೆ ನಾವೆಲ್ಲ ಅನ್ನುವುದು ಅದನ್ನೇ ಅಲ್ವಾ? ಯಾರೋ ನೆನೆಸಿಕೊಂಡರು ಅಂತ ತಲೆ ತಟ್ಟುತ್ತೇವೆ. ತೆಲುಗಿನ ‘ಪೊಲಮಾರಿಂದಿ’ ಕೂಡ ಇದೇ. ಅಂದರೆ ಹೊಟ್ಟೆಯ ದಾರಿ ಬಿಟ್ಟು ಬೇರೆ ಕಡೆ ಹೋಯಿತು ಅನ್ನುವುದಕ್ಕೆ ನಮ್ಮಲ್ಲಿ ಮಾತು ಇದೆ! ಖುಷಿಯಾಯಿತು. ಆದರೆ ಮನೆಯಲ್ಲಿ ಹೇಳಿ ನೋಡಿದರೆ ಅಜ್ಜಿ ಗಾಬರಿಯಾದರು. ‘ನೆತ್ತಿಗಾ? ಮೆದುಳಿಗೆ ಹೋಯ್ತಾ?’ ಅಂದರು. ಎಳೆ ಮಗುವಿನ ನೆತ್ತಿ ಅಂದರೆ ಎಣ್ಣೆ ಹಾಕಿ ಕಾಯುವ ಜಾಗ. ಅವರ ಮನಸ್ಸು ಅಲ್ಲಿಗೇ ಹೋಯಿತು. ದೊಡ್ಡಮ್ಮನಿಗೆ ಇದರ ಉಲ್ಟಾ. ನೆತ್ತಿಗೆ ಹತ್ತಿದ್ದು ತಲೆ ತಟ್ಟಿದರೆ ಸರಿಹೋಗುತ್ತೆ ಅಂತ ಹಗುರವಾಗಿ ತೆಗೆದುಕೊಂಡರು. ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ನೆನಪಾಗಿದ್ದು ಕಫ. ‘ಕಫ ಎದೆಗೆ ಇಳಿದಿದೆ’, ‘ಎದೆ ಕಟ್ಟಿದೆ’ ಅಂತ ದಿನಾ ಹೇಳುತ್ತೇವೆ. ಅಲ್ಲಿ ಎದೆ ಅಂದರೆ ಉಸಿರಿನ ಜಾಗ, ಯಾರಿಗೂ ಅನುಮಾನ ಇಲ್ಲ. ಹಾಗಾಗಿ ‘ಉಸಿರಿನ ಜೊತೆ ಎದೆಗೆ ಇಳಿದಿದೆ’ ಅಂದರೆ ಹೇಗೆ? ಇದನ್ನು ಅಜ್ಜಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಂದ್ರೆ ತೊಂದ್ರೆ ಹೊಟ್ಟೇದಲ್ಲ, ಉಸ್ರುದು. ಮೊದ್ಲೇ ಹಂಗೇ ಹೇಳ್ಬಾರದಾಗಿತ್ತಾ’ ಅಂದರು. ನನಗೆ ಅಷ್ಟು ಸಾಕಾಯಿತು. ಆಸ್ಪತ್ರೆಯ ಬಾಗಿಲಲ್ಲಿ ಈ ನಾಲ್ಕು ಪದ ಕೇಳಿದ್ದರೆ ಹೊಟ್ಟೆ ತೊಳೆಸುವ ಮಾತು ಬರುತ್ತಿರಲಿಲ್ಲ, ಮಗುವನ್ನು ಆಕ್ಸಿಜನ್‌ನಿಂದ ಬಿಡಿಸಿಕೊಂಡು ಹೋಗುವ ಯೋಚನೆಯೂ ಬರುತ್ತಿರಲಿಲ್ಲ.

ಇನ್ನು ‘ಮಾಡ್ಕೊಂಡಿದೆ’ ಅನ್ನುವ ಮಾತು. ಈ ‘ಕೊಂಡು’ ಯಾಕೋ ತಪ್ಪನ್ನು ಯಾರ ಮೇಲೋ ಹೊರಿಸುತ್ತದೆ. ಮಗುವಿನ ಮೇಲೆ ಹೊರಿಸಲು ಆಗದು, ಆದ್ದರಿಂದ ಅದು ತಾಯಿಯ ತಲೆಗೆ ಬರುತ್ತದೆ. ನೀನು ಸರಿಯಾಗಿ ಮುಕ್ಕಲಿಲ್ಲ, ಅದನ್ನು ತಿಂದೆ, ಇದನ್ನು ತಿಂದೆ ಅಂತ. ಪಕ್ಕದ ಮನೆಯವರು ಬಸುರಿನಲ್ಲಿ ಕಬ್ಬಿಣದ ಮಾತ್ರೆ ನುಂಗಿದ್ದಕ್ಕೇ ಕಪ್ಪಗಾಗಿದೆ ಅಂದರು. ಆ ಮಾತ್ರೆಯಿಂದ ತಾಯಿಯ ಮಲ ಕಪ್ಪಾಗುವುದು ನಿಜ. ಮಗುವಿನದು ಹಸಿರು ಮಿಶ್ರಿತ ಕಪ್ಪಾಗುವುದು ಅದರದೇ ಪಿತ್ತದಿಂದ. ತಂಗಿ ಇದನ್ನೆಲ್ಲ ಕೇಳಿಸಿಕೊಂಡು ಹಾಸಿಗೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಳು. ‘ಮಗು ಒಳಗೇ ಕಕ್ಕ ಮಾಡಿದೆ’ ಅಂದರೆ ಸಾಕು. ‘ಕೊಂಡು’ ಬೇಡ.

ಕೊನೆಗೆ ನಾಮಪದ. ಡಾಕ್ಟರುಗಳ ಮಾತಿನಲ್ಲಿ ಮೆಕೋನಿಯಂ. ಗ್ರೀಕ್ ಭಾಷೆಯಲ್ಲಿ ‘ಮೆಕೋನ್’ ಅಂದರೆ ಗಸಗಸೆ ಗಿಡ. ಅದರ ಕಾಯಿ ಗೀರಿದಾಗ ಬರುವ ಹಾಲು ಒಣಗಿ ಕಂದುಗಪ್ಪು ಅಂಟಾಗುತ್ತದೆ, ಅದೇ ಅಫೀಮು. ಅದರ ಮೇಲಿಂದ ಬಂದ ಹೆಸರು. ಗಸಗಸೆ ಪಾಯಸ ಮಾಡುವ ನಮಗೆ ಈ ಹೋಲಿಕೆ ದೂರದ್ದೇನಲ್ಲ.

ಕನ್ನಡದಲ್ಲಿ ದನಕ್ಕೆ ಸಗಣಿ, ಕುದುರೆಗೆ ಲದ್ದಿ, ಕುರಿಗೆ ಹಿಕ್ಕೆ. ರೇಷ್ಮೆ ಹುಳುವಿನದನ್ನೂ ನಮ್ಮ ಕಡೆ ಹಿಕ್ಕೆ ಅಂತ ಬೇರೆ ತೆಗೆದು ಗೊಬ್ಬರಕ್ಕೆ ಹಾಕುತ್ತಾರೆ. ಎಳೆ ಮಗುವಿನ ಮೊದಲ ಮಲಕ್ಕೆ ನಮ್ಮ ಹೆಂಗಸರು ‘ಕರಿ ಕಕ್ಕ’ ಅನ್ನುತ್ತಾರೆ. ‘ಗರ್ಭಮಲ’ ಅಂತ ಬರೆಯೋಣವೇ ಅಂತ ಒಬ್ಬ ಮೇಷ್ಟ್ರು ಕೇಳಿದರು. ನನಗೆ ಅದು ಒಪ್ಪಿಗೆಯಿಲ್ಲ. ಓದಿದವರಿಗೆ ಗರ್ಭದಲ್ಲಿ ಏನೋ ಕೊಳೆ ಇತ್ತು ಅನ್ನಿಸುತ್ತದೆ, ಮತ್ತೆ ತಾಯಿಯ ಮೇಲೇ ಬರುತ್ತದೆ. ‘ಹೊಲಸು’, ‘ಗಲೀಜು’ ಕೂಡ ಬೇಡ. ಅದರಲ್ಲಿ ಮುಕ್ಕಾಲು ಪಾಲು ನೀರು. ಉಳಿದದ್ದು ಪಿತ್ತ, ಲೋಳೆ, ಕರುಳಿನಿಂದ ಉದುರಿದ ಜೀವಕೋಶ, ಮಗು ನುಂಗಿದ ಅದರದೇ ಮೈಯ ನವಿರು ಕೂದಲು. ವಾಸನೆಯೂ ಇರುವುದಿಲ್ಲ.

‘ಕರಿ ಕಕ್ಕ’ ಇಟ್ಟುಕೊಂಡರೆ ಇನ್ನೊಂದು ಅನುಕೂಲ. ಹುಟ್ಟಿದ ಮೇಲೆ ಅದು ಬಂದರೆ ಒಳ್ಳೆಯದು, ಹೊಟ್ಟೆಯೊಳಗೇ ಬಂದರೆ ಹುಷಾರಾಗಿರಬೇಕು, ಒಂದು ದಿನ ಕಳೆದರೂ ಬರದಿದ್ದರೆ ಡಾಕ್ಟರಿಗೆ ಹೇಳಬೇಕು. ಮೂರನ್ನೂ ಒಂದೇ ಪದದಲ್ಲಿ ಹೇಳಬಹುದು. ಅದನ್ನು ಹೊರಗೆ ತರಿಸಲು ಅಂತ ಹರಳೆಣ್ಣೆ, ಜೇನುತುಪ್ಪ ನೆಕ್ಕಿಸುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ತಾಯಿಯ ಮೊದಲ ಹಳದಿ ಹಾಲೇ ಆ ಕೆಲಸ ಮಾಡುತ್ತದೆ.

ನಮ್ಮ ಮಗು ಆರು ದಿನ ಒಳಗಿದ್ದು ಬಂತು. ಈಗ ಹೊಸ್ತಿಲು ದಾಟುತ್ತಿದೆ. ಊರಿನ ಆಶಾ ಕಾರ್ಯಕರ್ತೆ ಇದನ್ನೆಲ್ಲ ನೋಡಿದವರು. ಅಂಗನವಾಡಿ ಗೋಡೆಗೆ ನಾಲ್ಕು ಸಾಲು ಬರೆದುಕೊಡಿ ಅಂತ ನನ್ನನ್ನು ಕೇಳಿದ್ದಾರೆ. ಬರೆದಿದ್ದು ಇಷ್ಟು:

‘ನೀರು ಒಡೆದ ತಕ್ಷಣ ಬಣ್ಣ ನೋಡಿ. ತಿಳಿಯಾಗಿದ್ದರೂ ಆಸ್ಪತ್ರೆಗೆ ಹೊರಡಿ. ಹಸಿರು ಅಥವಾ ಕಂದು ಇದ್ದರೆ ಸ್ವಲ್ಪವೂ ತಡ ಮಾಡಬೇಡಿ, 108ಕ್ಕೆ ಫೋನ್ ಮಾಡುವಾಗಲೇ ಬಣ್ಣ ಹೇಳಿ. ಮಗು ಒಳಗೇ ಕರಿ ಕಕ್ಕ ಮಾಡಿರಬಹುದು. ಅದು ಉಸಿರಿನ ಜೊತೆ ಎದೆಗೆ ಇಳಿದರೆ ಮಗುವಿಗೆ ಉಸಿರಾಡಲು ಕಷ್ಟ. ಇದು ತಾಯಿಯ ತಪ್ಪಲ್ಲ.’

ನನ್ನ ಪ್ರಶ್ನೆಗಳು ಇವು. ‘ಎದೆಗೆ ಇಳಿದರೆ’ ಅನ್ನುವುದು ನಿಮ್ಮ ಊರಿನಲ್ಲೂ ಉಸಿರಿನ ಜಾಗ ಅಂತಲೇ ಅರ್ಥವಾಗುತ್ತದೆಯೇ? ತುಮಕೂರು, ಪಾವಗಡದ ಕಡೆಯವರು, ಉತ್ತರ ಕರ್ನಾಟಕದವರು ಮನೆಯ ಹಿರಿಯ ಹೆಂಗಸರನ್ನು ಕೇಳಿ ತಿಳಿಸಿ. ಬಸುರಿನ ನೀರಿಗೆ ಉಮ್ಮನೀರಿನ ಹಾಗೆ ಕನ್ನಡದ್ದೇ ಮನೆಮಾತು ಯಾರಾದರೂ ಕೇಳಿದ್ದೀರಾ? ಇನ್ನೊಂದು, ‘ಕಂದು’ ಪುಸ್ತಕದ ಪದ. ನಮ್ಮೂರಲ್ಲಿ ಯಾರೂ ಅನ್ನುವುದಿಲ್ಲ. ನೀರು ತೆಳ್ಳಗೆ ಹಸಿರಾಗಿದ್ದರೆ ‘ಪಾಚಿ ಬಣ್ಣ’, ಗಟ್ಟಿಯಾಗಿದ್ದರೆ ‘ಮಸೊಪ್ಪಿನ ಹಂಗೆ’ ಅಂತ ಬರೆಯಲೇ? ಗಟ್ಟಿ ಇದ್ದಷ್ಟೂ ಅಪಾಯ ಜಾಸ್ತಿ, ಹಾಗಾಗಿ ಎರಡಕ್ಕೂ ಬೇರೆ ಬೇರೆ ಮಾತು ಬೇಕು. ಊಟದ ಹೆಸರು ಇಲ್ಲಿ ಬೇಡ ಅಂತ ದೊಡ್ಡಮ್ಮ ಮುಖ ಸಿಂಡರಿಸಿದರು. ಆದರೆ ಆವತ್ತು ಸೀರೆ ನೋಡಿ ಸರಿಯಾದ ಪದ ಹೇಳಿದ್ದು ಅವರೊಬ್ಬರೇ.

ಗುರುವಾರ ಲಸಿಕೆ ದಿನ, ತಾಯಂದಿರು ಎಲ್ಲ ಬರುತ್ತಾರೆ. ಅಷ್ಟರೊಳಗೆ ಬರೆಯಬೇಕು ಅಂತಿದ್ದೇವೆ.