ಕ್ರೋಮ್ ಬಣ್ಣದ ಗೇಮ್ ಕಂಟ್ರೋಲರ್ ಕ್ಲಿಯರ್ ಕೋಟ್ ಬಿದ್ದ ಕೂಡಲೇ ಮಂಕಾಯಿತು, ಕಾರಣವೇನು?

ಪ್ರಶ್ನೆ (ತುಮಕೂರಿನಿಂದ)

ಎಲ್ಲರಿಗೂ ನಮಸ್ಕಾರ. ತಮ್ಮನ ಹಳೆಯ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರಿಗೆ ಬೆಳ್ಳಿಯ ಹೊಳಪು ಕೊಡಲು ಹೋಗಿ ಕೆಡಿಸಿಕೊಂಡು ಕುಳಿತಿದ್ದೇನೆ. ಹೊರಕವಚವನ್ನು ಬಿಚ್ಚಿ, ಸೋಪಿನ ನೀರಿನಲ್ಲಿ ತೊಳೆದು, 600ರ ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿ, ಬಣ್ಣ ಹಿಡಿಯಲೆಂದು ಮೊದಲು ಪ್ಲಾಸ್ಟಿಕ್ ಪ್ರೈಮರ್, ಅದರ ಮೇಲೆ ಹೊಳಪಿನ ಕಪ್ಪು, ಕೊನೆಗೆ ಸ್ಪ್ರೇ ಡಬ್ಬಿಯ ಕ್ರೋಮ್ ಬಣ್ಣ ಹೊಡೆದೆ. ಗಾಳಿ ಕಡಿಮೆಯಿರುತ್ತದೆಂದು ಬೆಳಗಿನ ಆರೂವರೆಗೆ ತಾರಸಿಯಲ್ಲಿ ಈ ಕೆಲಸ ಮಾಡಿದ್ದೆ. ಆಗ ನನ್ನ ಮುಖವೇ ಅದರಲ್ಲಿ ಕಾಣುತ್ತಿತ್ತು. ಮೂರು ಗಂಟೆ ಬಿಟ್ಟು ಬಣ್ಣ ಕೊಂಡ ಅಂಗಡಿಯದೇ ಸಾಮಾನ್ಯ ಕ್ಲಿಯರ್ ಸ್ಪ್ರೇ (ಬಣ್ಣವನ್ನು ಕಾಪಾಡುವ ಪಾರದರ್ಶಕ ಲೇಪ) ಹೊಡೆದದ್ದೇ ತಡ, ನೋಡನೋಡುತ್ತಿದ್ದಂತೆ ಹೊಳಪೆಲ್ಲ ಇಳಿದು, ಹಳೆಯ ಅಲ್ಯೂಮಿನಿಯಂ ಪಾತ್ರೆಯ ಬೂದು ಬಣ್ಣಕ್ಕೆ ತಿರುಗಿತು. ಇನ್ನೆರಡು ತೊಂದರೆಗಳೂ ಇವೆ: ಬಿ ಗುಂಡಿಯನ್ನು ಒತ್ತಿದರೆ ಒಳಗೇ ಸಿಕ್ಕಿಕೊಳ್ಳುತ್ತದೆ, ಅಂಗೈ ತಾಗುವಲ್ಲಿ ಒಂದು ವಾರದಲ್ಲೇ ಬಣ್ಣ ಚಕ್ಕೆಯಾಗಿ ಏಳತೊಡಗಿದೆ. ಥಿನ್ನರಿನಲ್ಲಿ ಒರೆಸಿ ಮೊದಲಿನಿಂದ ಮಾಡಬಹುದೇ?

ಉತ್ತರ (ಕೋಲಾರದಿಂದ)

ಥಿನ್ನರನ್ನು ದಯವಿಟ್ಟು ಮುಟ್ಟಬೇಡಿ. ಕವಚ ಎಬಿಎಸ್ ಪ್ಲಾಸ್ಟಿಕ್ಕಿನದು. ಎನ್‌ಸಿ (ನೈಟ್ರೋಸೆಲ್ಯುಲೋಸ್ ಬಣ್ಣಗಳಿಗೆ ಬೆರೆಸುವ) ಥಿನ್ನರ್ ಬಣ್ಣದ ಜೊತೆಗೆ ಅದನ್ನೂ ಕರಗಿಸಿ ಅಂಟಂಟಾಗಿಸುತ್ತದೆ. ನೀರು ಹಾಕಿಕೊಂಡು 400ರಲ್ಲಿ, ಆಮೇಲೆ 600ರಲ್ಲಿ ಉಜ್ಜಿ ತೆಗೆಯುವುದು ನಿಧಾನವಾದರೂ ಕವಚ ಉಳಿಯುತ್ತದೆ.

ಹೊಳಪು ಇಳಿದದ್ದರಲ್ಲಿ ನಿಮ್ಮ ಕೈಚಳಕದ ದೋಷ ಕಡಿಮೆ, ಆ ಬಣ್ಣದ ಸ್ವಭಾವ ಹೆಚ್ಚು. ಡಬ್ಬಿಯ ಕ್ರೋಮ್ ಬಣ್ಣದಲ್ಲಿ ಅತಿ ಸಣ್ಣ ಅಲ್ಯೂಮಿನಿಯಂ ಚೂರುಗಳು ಹೇರಳವಾಗಿಯೂ ಅವನ್ನು ಹಿಡಿದಿಡುವ ಅಂಟು ತೀರಾ ಕಡಿಮೆಯಾಗಿಯೂ ಇರುತ್ತವೆ. ಆ ಚೂರುಗಳು ನಯವಾದ ಕಪ್ಪಿನ ಮೇಲೆ ಮೀನಿನ ಪೊರೆಗಳಂತೆ ಚಪ್ಪಟೆಯಾಗಿ ಮಲಗಿರುವಷ್ಟು ಹೊತ್ತು ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುವುದರಿಂದ ಕನ್ನಡಿಯಂತೆ ಕಾಣುತ್ತದೆ. ಕ್ಲಿಯರಿನಲ್ಲಿರುವ ದ್ರಾವಕ ಆ ತೆಳು ಅಂಟನ್ನು ಮೆತ್ತಗೆ ಮಾಡಿದರೆ ಚೂರುಗಳು ಅಲುಗಿ ಓರೆಯಾಗುತ್ತವೆ, ಬೆಳಕು ಚೆದುರುತ್ತದೆ, ಬೂದು ಕಾಣುತ್ತದೆ. ಮೂರೇ ಗಂಟೆಯಲ್ಲಿ ಹೊಡೆದದ್ದರಿಂದ ಇದು ಇನ್ನಷ್ಟು ಬೇಗ ಆಗಿದೆ. ಎರಡು ದಿನ ಒಣಗಿಸಿ, ಮೊದಲ ಎರಡು ಕೋಟನ್ನು ಹಿಟ್ಟು ಉದುರಿಸಿದಷ್ಟೇ ತೆಳುವಾಗಿ ಹಾಯಿಸಿದ್ದರೆ ಹೊಳಪು ಒಂದಿಷ್ಟು ಉಳಿಯುತ್ತಿತ್ತು. ಪೂರ್ತಿ ಉಳಿಯುತ್ತಿತ್ತೆಂದು ಹೇಳಲಾರೆ.

ಕ್ಲಿಯರ್ ಬೇಡವೆಂದು ಬಿಡೋಣವೆಂದರೆ ಅದೂ ಆಗದು. ಕ್ಲಿಯರ್ ಇಲ್ಲದ ಕ್ರೋಮನ್ನು ಬಿಳಿ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ, ಬಟ್ಟೆಗೆ ಬೂದು ಹತ್ತುತ್ತದೆ. ಗೋಡೆಗೆ ತೂಗುಹಾಕುವ ವಸ್ತುವಾದರೆ ಚಿಂತೆಯಿರಲಿಲ್ಲ, ಇದು ಗಂಟೆಗಟ್ಟಲೆ ಬೆವರಿದ ಕೈಯಲ್ಲಿರುವ ಸಾಮಾನು. ಆದ್ದರಿಂದ ಕಂಟ್ರೋಲರಿಗೆ ಕ್ರೋಮಿನ ಆಸೆ ಬಿಟ್ಟು, ಕ್ಲಿಯರ್ ಹಾಕಲೆಂದೇ ತಯಾರಾಗುವ ಕಾರಿನ ಮೆಟಾಲಿಕ್ ಸಿಲ್ವರ್ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಅದು ಕನ್ನಡಿಯಾಗದು, ಹೊಸದಾಗಿ ಕಲಾಯಿ ಹಾಕಿದ ಪಾತ್ರೆಯಂತೆ ಕಾಣುತ್ತದೆ. ಕನ್ನಡಿಯೇ ಬೇಕೆನ್ನುವವರಿಗೆ ಕಾರ್ಖಾನೆಯಲ್ಲೇ ಕ್ರೋಮ್ ಲೇಪಿಸಿದ ಬದಲಿ ಕವಚಗಳು ಸಿಗುತ್ತವೆ, ಆದರೆ ಬೆರಳಚ್ಚು ಒರೆಸುವುದೇ ಒಂದು ಕೆಲಸವಾಗುತ್ತದೆ.

ಮೆಟಾಲಿಕ್ ಹೊಡೆಯುವಾಗ ಡಬ್ಬಿಯನ್ನು 20ರಿಂದ 25 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಕೈ ನಿಲ್ಲಿಸದೆ, ಕವಚದ ಆಚೆಯಿಂದ ಆರಂಭಿಸಿ ಆಚೆಗೇ ಮುಗಿಸಿ. ಒಂದೇ ಕಡೆ ಒದ್ದೆಯಾಗುವಷ್ಟು ಬಿದ್ದರೆ ಚೂರುಗಳು ತೇಲಿಕೊಂಡು ಒಂದೆಡೆ ಸೇರಿ, ಮೋಡ ಕವಿದಂತೆ ಕಲೆ ಕಲೆಯಾಗುತ್ತದೆ.

ಅಂಗೈ ತಾಗುವಲ್ಲಿ ಚಕ್ಕೆ ಏಳುವುದಕ್ಕೆ ಕಾರಣ ಪ್ರೈಮರಿನ ಕೆಳಗಿದೆ. ವರ್ಷಗಟ್ಟಲೆ ಕೂತ ಕೈಯ ಎಣ್ಣೆ ಸೋಪಿನ ನೀರೊಂದಕ್ಕೇ ಹೋಗುವುದಿಲ್ಲ. ಉಜ್ಜುವ ಮೊದಲೂ ಉಜ್ಜಿದ ಮೇಲೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬೇಕು, ಆಮೇಲೆ ಬರಿಗೈಯಿಂದ ಮುಟ್ಟಬಾರದು. ನಮ್ಮ ಕಡೆಯ ಬೋರ್‌ವೆಲ್ ನೀರು ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟಿಸುವಷ್ಟು ಗಡುಸು; ಅದರಲ್ಲಿ ತೊಳೆದು ಹಾಗೇ ಆರಲು ಬಿಟ್ಟರೆ ಉಪ್ಪಿನ ಚುಕ್ಕೆಗಳು ಬಣ್ಣದ ಅಡಿಯಲ್ಲಿ ಉಳಿಯುತ್ತವೆ. ಕೊನೆಯ ಸಲ ಶುದ್ಧ ನೀರಿನ ಘಟಕದ ಕ್ಯಾನ್ ನೀರಿನಲ್ಲಿ ಜಾಲಿಸುವುದು ನನ್ನ ರೂಢಿ.

ಗುಂಡಿ ಸಿಕ್ಕಿಕೊಳ್ಳುವುದು ಬರೀ ದಪ್ಪದ ಲೆಕ್ಕ. ಪ್ರೈಮರಿನಿಂದ ಕ್ಲಿಯರಿನವರೆಗೆ ಎಲ್ಲ ಕೋಟುಗಳೂ ರಂಧ್ರದ ಒಳಗೋಡೆಯಲ್ಲಿ ಸೇರಿಕೊಂಡಿವೆ. ಮುಂದಿನ ಸಲ ಆ ಒಳಗೋಡೆಗಳಿಗೆ ಮಾಸ್ಕಿಂಗ್ ಟೇಪ್ ಸುತ್ತಿ.

ಉತ್ತರ (ಚಿಕ್ಕಬಳ್ಳಾಪುರದಿಂದ)

ಕೋಲಾರದವರ ಮಾತಿಗೆ ಒಂದು ಸೇರ್ಪಡೆ. ಬೆಳಗಿನ ಆರೂವರೆ ಬಣ್ಣಕ್ಕೆ ಒಳ್ಳೆಯ ಹೊತ್ತಲ್ಲ. ನಂದಿ ಬೆಟ್ಟದ ಕಡೆಯಿಂದ ಮಂಜು ಇಳಿಯುವ ದಿನಗಳಲ್ಲಿ ನಾನೂ ಹೀಗೆ ಮಾಡಿ ಕೆಟ್ಟಿದ್ದೇನೆ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು, ಕ್ಲಿಯರ್ ಹಾಲು ಬೆರೆಸಿದಂತೆ ಬೆಳ್ಳಗಾಗುತ್ತದೆ. ನಿಮ್ಮದರಲ್ಲಿ ಬಿಳಿ ಮಸುಕು ಇಲ್ಲದೆ ಒಂದೇ ಸಮನೆ ಬೂದು ಬಂದಿರುವುದರಿಂದ ಅವರು ಹೇಳಿದ ಕಾರಣವೇ ಸರಿ, ಆದರೂ ಮುಂದಿನ ಸಲ ಬಿಸಿಲೇರಿದ ಮೇಲೆ ನೆರಳಿನಲ್ಲಿ ಹೊಡೆಯಿರಿ.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು. ಹಾರ್ಡನರ್ (ಗಟ್ಟಿಗೊಳಿಸುವ ದ್ರವ) ಬೆರೆಸುವ 2ಕೆ, ಅಂದರೆ ಎರಡು ಭಾಗಗಳ ಕ್ಲಿಯರ್ ಹೆಚ್ಚು ಗಟ್ಟಿಯೆಂದು ಓದಿದ್ದೇನೆ. ಅದನ್ನು ಮನೆಯಲ್ಲೇ ಹೊಡೆಯಬಹುದೇ?

ಉತ್ತರ (ಕೋಲಾರದಿಂದ)

ಗಟ್ಟಿಯೇನೋ ನಿಜ, ಬೆವರಿಗೂ ಜಗ್ಗುವುದಿಲ್ಲ. ಆದರೆ ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರ ಸಿಂಚನ ಉಸಿರಿಗೆ ಹೋದರೆ ಆಸ್ತಮಾ ಅಂಟಿಕೊಳ್ಳಬಹುದು, ಬಟ್ಟೆಯ ಮಾಸ್ಕ್ ಅದನ್ನು ತಡೆಯದು. ಬಣ್ಣದವರೆಗೆ ನೀವೇ ಮುಗಿಸಿ, ಕ್ಲಿಯರನ್ನು ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜಿನಲ್ಲಿ ಮಾಡಿಸಿ. ಅದಕ್ಕೂ ಮೊದಲು ಐಸ್‌ಕ್ರೀಮಿನ ಪ್ಲಾಸ್ಟಿಕ್ ಚಮಚಗಳ ಮೇಲೆ ಇಡೀ ಕ್ರಮವನ್ನು ಒಮ್ಮೆ ಮಾಡಿ ನೋಡಿ.

ಪ್ರಶ್ನಿಸಿದವರು, ಮೂರು ವಾರಗಳ ನಂತರ

ನಾಲ್ಕು ಚಮಚ ಮಾಡಿದೆ. ಕ್ರೋಮಿನ ಮೇಲೆ ಮೂರು ಗಂಟೆಗೆ ಕ್ಲಿಯರ್ ಬಿದ್ದದ್ದು ಮತ್ತೆ ಬೂದು. ಎರಡು ದಿನ ಕಾದದ್ದು ಅರೆಮಂಕು. ಕ್ಲಿಯರ್ ಇಲ್ಲದ್ದು ಅಂಗಿಯ ಜೇಬಿನಲ್ಲಿ ಒಂದು ದಿನ ಕಳೆದು ಕಪ್ಪು ತೋರಿಸಿತು. ಮೆಟಾಲಿಕ್ ಸಿಲ್ವರಿನದು ಉಗುರಿನಲ್ಲಿ ಗೀಚಿದರೂ ಹಾಗೇ ಇದೆ, ಅದಕ್ಕೆ ಬಟವಾಡಿಯ ಕಡೆಯ ಗ್ಯಾರೇಜಿನವರು ಬೈಕಿನ ಟ್ಯಾಂಕೊಂದರ ಜೊತೆಗೇ 2ಕೆ ಹೊಡೆದುಕೊಟ್ಟಿದ್ದರು. ಕವಚವನ್ನೂ ಅದೇ ಕ್ರಮದಲ್ಲಿ ಮುಗಿಸಿದೆ. ಟೇಪ್ ಸುತ್ತಿದ್ದರೂ ಬಿ ಗುಂಡಿಯ ರಂಧ್ರದ ಅಂಚಿನಲ್ಲಿ ಸ್ವಲ್ಪ ಬಣ್ಣ ನುಸುಳಿತ್ತು. 1000ದ ಪೇಪರನ್ನು ಪೆನ್ಸಿಲಿಗೆ ಸುತ್ತಿ ನಾಲ್ಕು ಸುತ್ತು ತಿರುಗಿಸಿದ ಮೇಲೆ ಗುಂಡಿ ಸರಾಗವಾಗಿ ಮೇಲೇಳುತ್ತಿದೆ. ಅಲ್ಲಿ ಹಳೆಯ ಪ್ಲಾಸ್ಟಿಕ್ ಕೂದಲೆಳೆಯಷ್ಟು ಕಾಣುತ್ತದೆ. ತಮ್ಮ ಇನ್ನೂ ಗಮನಿಸಿಲ್ಲ.