ಕೇಳಿಸುತ್ತದೆ, ಆದರೆ ತಲೆ ದಣಿಯುತ್ತದೆ: ಈ ದಣಿವನ್ನು ಅಳೆಯಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ಹಿಯರಿಂಗ್ ಏಡ್ ಹಾಕಿದ ಮೇಲೆ, ಗದ್ದಲದ ನಡುವೆ ವಾಕ್ಯಗಳನ್ನು ಕೇಳಿಸಿ ಮರಳಿ ಹೇಳಿಸುವ ಪರೀಕ್ಷೆಯಲ್ಲಿ ನಮ್ಮ ತಂದೆಯವರು ಬಹುತೇಕ ಎಲ್ಲವನ್ನೂ ಸರಿಯಾಗಿ ಹೇಳಿದರು. ಆದರೂ ನಾಲ್ಕು ಜನ ಸೇರಿ ಮಾತಾಡುವಲ್ಲಿ ಸ್ವಲ್ಪ ಹೊತ್ತು ಕುಳಿತರೆ ಸಾಕು, ಸುಸ್ತಾಗಿ ಎದ್ದು ಹೋಗುತ್ತಾರೆ. ಅಂಕ ಚೆನ್ನಾಗಿದ್ದರೂ ಹೀಗಾಗುವುದು ಸಾಧ್ಯವೇ? ಈ ಶ್ರಮವನ್ನು ಅಳೆಯುವ ದಾರಿ ಇದೆಯೇ?

ಉತ್ತರ: ನಮಸ್ಕಾರ. ಖಂಡಿತ ಸಾಧ್ಯ, ದಯವಿಟ್ಟು ಅವರ ಮಾತನ್ನು ನಂಬಿ. ಎಷ್ಟು ಪದಗಳು ಸರಿಯಾಗಿ ಬಂದವು ಎಂಬುದನ್ನಷ್ಟೇ ಆ ಪರೀಕ್ಷೆ ಎಣಿಸುತ್ತದೆ. ಅವುಗಳನ್ನು ಹಿಡಿಯಲು ಮಿದುಳು ಎಷ್ಟು ದುಡಿಯಿತು ಎಂಬುದು ಅಂಕದಲ್ಲಿ ಕಾಣುವುದಿಲ್ಲ. ಗದ್ದಲದಲ್ಲಿ ಅರ್ಧ ಅಳಿಸಿಹೋದ ಪದವನ್ನು ನೆನಪಿನಲ್ಲಿಟ್ಟುಕೊಂಡು, ಸಂದರ್ಭ ನೋಡಿ ಊಹಿಸಿ, ಊಹೆ ತಪ್ಪಿದರೆ ತಿದ್ದಿಕೊಳ್ಳುವಷ್ಟರಲ್ಲಿ ಮುಂದಿನ ವಾಕ್ಯ ಬಂದಿರುತ್ತದೆ. ಒಂದೇ ಅಂಕ ಪಡೆದ ಇಬ್ಬರಲ್ಲಿ ಒಬ್ಬರು ನಿರಾಯಾಸವಾಗಿ ಕೇಳಿರಬಹುದು, ಇನ್ನೊಬ್ಬರು ಹೆಣಗಾಡಿ ಕೇಳಿರಬಹುದು.

ಸಂಶೋಧನೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಧಾನಗಳಲ್ಲಿ ಒಂದು ಕಣ್ಣಿನ ಪಾಪೆಯ ಅಳತೆ. ಅಂಕಿಗಳ ಸಾಲನ್ನು ಕೇಳಿ ನೆನಪಿಟ್ಟುಕೊಳ್ಳುವಾಗ ಒಂದೊಂದು ಅಂಕಿಗೂ ಪಾಪೆ ಹಿಗ್ಗುತ್ತಾ ಹೋಗಿ, ಅವನ್ನು ಮರಳಿ ಹೇಳುತ್ತಿದ್ದಂತೆ ಕುಗ್ಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾಹ್ನೆಮನ್ ಮತ್ತು ಜಾಕ್ಸನ್ ಬೀಟಿ 1966ರಲ್ಲೇ ತೋರಿಸಿದ್ದರು. ಆಲಿಸುವ ಶ್ರಮವನ್ನೂ ಈಗ ಹಾಗೆಯೇ ಅಳೆಯುತ್ತಾರೆ. ವ್ಯಕ್ತಿ ಪರದೆಯ ಮೇಲಿನ ಒಂದು ಚುಕ್ಕಿಯನ್ನು ನೋಡುತ್ತಾ ಕುಳಿತಿರುತ್ತಾರೆ. ಮೊದಲು ಗದ್ದಲ ಮಾತ್ರ ಕೇಳಿಸುತ್ತದೆ, ಆಗಿನ ಪಾಪೆಯ ಗಾತ್ರವನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಬಳಿಕ ವಾಕ್ಯ ಬರುತ್ತದೆ, ಪಾಪೆ ಮೆಲ್ಲನೆ ಅಗಲವಾಗಿ ವಾಕ್ಯ ಮುಗಿಯುವ ಹೊತ್ತಿಗೆ ಅಥವಾ ತುಸು ನಂತರ ತುದಿ ಮುಟ್ಟುತ್ತದೆ. ಈ ಹಿಗ್ಗುವಿಕೆ ಒಂದು ಮಿಲಿಮೀಟರಿನ ಕೆಲವು ದಶಾಂಶಗಳಷ್ಟು ಮಾತ್ರ. ಬೆಳಕು ಬದಲಾದರೆ ಪಾಪೆ ಹಲವು ಮಿಲಿಮೀಟರುಗಳಷ್ಟು ವ್ಯತ್ಯಾಸವಾಗುವುದರಿಂದ ಕೋಣೆಯ ಬೆಳಕು ಕೊಂಚವೂ ಏರುಪೇರಾಗಬಾರದು. ವಯಸ್ಸಾದಂತೆ ಪಾಪೆ ಹಿಗ್ಗುವ ಮಿತಿಯೂ ಕುಗ್ಗುತ್ತದೆ. ಆದ್ದರಿಂದ ನಿಮ್ಮ ತಂದೆಯವರ ಅಳತೆಯನ್ನು ಯುವಕರೊಬ್ಬರ ಅಳತೆಗೆ ನೇರವಾಗಿ ಹೋಲಿಸುವಂತಿಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಹಾಗಾದರೆ ಗದ್ದಲ ಹೆಚ್ಚಿದಷ್ಟೂ ಪಾಪೆ ಹಿಗ್ಗುತ್ತಲೇ ಹೋಗುತ್ತದೆಯೇ?

ಉತ್ತರ: ಇಲ್ಲ, ಈ ಅಳತೆಯನ್ನು ಓದುವಾಗ ಎಡವುವುದು ಇಲ್ಲಿಯೇ. ಆಲಿಸುವ ಶ್ರಮದ ಸಂಶೋಧಕರಾದ ಆಡ್ರಿಯಾನಾ ಜೆಕ್‌ವೆಲ್ಡ್ ಮತ್ತು ಸೋಫಿಯಾ ಕ್ರಾಮರ್ ಅವರ ಅಧ್ಯಯನಗಳಲ್ಲಿ ಪಾಪೆ ಹೆಚ್ಚು ಹಿಗ್ಗಿದ್ದು, ಮಾತು ಕಷ್ಟಪಟ್ಟರೆ ಅರ್ಥವಾಗುವಂಥ ಮಧ್ಯದ ಸ್ಥಿತಿಯಲ್ಲಿ. ಏನೂ ಅರ್ಥವಾಗದಷ್ಟು ಗದ್ದಲವಾದಾಗ ಅದು ಮತ್ತೆ ತಗ್ಗಿತು, ಏಕೆಂದರೆ ಎಷ್ಟು ಯತ್ನಿಸಿದರೂ ಫಲವಿಲ್ಲವೆಂದು ಕಂಡಾಗ ಕೇಳುಗರು ಯತ್ನವನ್ನೇ ಬಿಡುತ್ತಾರೆ. ಪಾಪೆ ಹಿಗ್ಗಲಿಲ್ಲ ಎಂದರೆ ಕೇಳುವುದು ಸುಲಭವಾಗಿತ್ತು ಎಂದೂ ಆಗಬಹುದು, ಕೈಚೆಲ್ಲಿದ್ದಾರೆ ಎಂದೂ ಆಗಬಹುದು. ಅಂಕವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಯಾವುದೆಂದು ಹೇಳಲಾಗದು. ಗದ್ದಲ ಯಾವ ಬಗೆಯದು ಎಂಬುದೂ ಮುಖ್ಯ. ಅರ್ಥವಾದ ಪದಗಳ ಪ್ರಮಾಣ ಸಮನಾಗಿದ್ದಾಗಲೂ, ಏಕಸಮನಾದ ಸದ್ದಿಗಿಂತ ಮತ್ತೊಬ್ಬ ವ್ಯಕ್ತಿಯ ಮಾತು ಅಡ್ಡ ಬಂದಾಗ ಪಾಪೆ ಹೆಚ್ಚು ಹಿಗ್ಗುತ್ತದೆ. ನಾಲ್ಕು ಜನರ ಮಾತುಕತೆ ದಣಿಸುವುದಕ್ಕೆ ಇದೊಂದು ಕಾರಣ.

ಮೊದಲ ಸದಸ್ಯರ ಪ್ರಶ್ನೆ: ಕ್ಲಿನಿಕ್‌ನಲ್ಲಿ ಇದನ್ನು ಮಾಡಿಸಬಹುದೇ ಮೇಡಂ? ಬೇರೆ ವಿಧಾನಗಳಿವೆಯೇ?

ಉತ್ತರ: ಪಾಪೆಯ ಅಳತೆ ಬಹುಮಟ್ಟಿಗೆ ಸಂಶೋಧನೆಯ ಕೋಣೆಗಳಲ್ಲೇ ಉಳಿದಿದೆ. ಮಾತು ಕೇಳುತ್ತಲೇ ದೀಪ ಹೊತ್ತಿದಾಗ ಗುಂಡಿ ಒತ್ತಿಸಿ, ಒತ್ತುವುದು ಎಷ್ಟು ತಡವಾಗುತ್ತದೆ ಎಂದು ನೋಡುವ ಜೋಡಿ ಕೆಲಸದ ಪರೀಕ್ಷೆಯೂ ಇದೆ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿಯಲ್ಲಿ 8ರಿಂದ 12 ಹರ್ಟ್ಸ್‌ನ (ಸೆಕೆಂಡಿಗೆ 8ರಿಂದ 12 ಸಲ ಏರಿಳಿಯುವ) ಅಲೆಗಳನ್ನೂ ನೋಡುತ್ತಾರೆ. ಈ ಅಳತೆಗಳು ಒಂದಕ್ಕೊಂದು ಅಷ್ಟಾಗಿ ಹೊಂದುವುದಿಲ್ಲ, ಏಕೆಂದರೆ ಅವು ಶ್ರಮದ ಬೇರೆ ಬೇರೆ ಮುಖಗಳನ್ನು ಹಿಡಿಯುತ್ತವೆ. ಯಾವುದೋ ಒಂದನ್ನೇ ಅಂತಿಮವೆಂದು ನಾನು ಒಪ್ಪುವುದಿಲ್ಲ.

ನಿಮಗೆ ಈಗಲೇ ಸಾಧ್ಯವಿರುವುದು ಸರಳವಾದದ್ದು. ಗದ್ದಲದ ಪ್ರತಿ ಮಟ್ಟದಲ್ಲೂ ಅಂಕದ ಜೊತೆಗೆ, ‘ಎಷ್ಟು ಕಷ್ಟಪಟ್ಟಿರಿ?’ ಎಂದು 0ರಿಂದ 10ರ ಅಳತೆಯಲ್ಲಿ ಕೇಳಿ ಬರೆದುಕೊಳ್ಳುವಂತೆ ನಿಮ್ಮ ಆಡಿಯಾಲಜಿಸ್ಟ್‌ಗೆ (ಶ್ರವಣ ತಜ್ಞರಿಗೆ) ಹೇಳಿ. ಹಿಯರಿಂಗ್ ಏಡ್‌ನಲ್ಲಿರುವ ಗದ್ದಲ ತಗ್ಗಿಸುವ ಸೌಲಭ್ಯವನ್ನು ಒಮ್ಮೆ ಹಾಕಿ, ಒಮ್ಮೆ ತೆಗೆದು ಹೀಗೆ ಕೇಳಿಸಲಿ. ಆ ಸೌಲಭ್ಯದಿಂದ ಅಂಕ ಏರದಿದ್ದರೂ ಕೇಳಿದ ಪದಗಳು ನೆನಪಿನಲ್ಲಿ ಉಳಿಯುವುದು ಸುಧಾರಿಸಿದ್ದನ್ನು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡಿದೆ. ಹಾಗಾಗಿ ಎರಡೂ ಸಲ ಅಂಕ ಒಂದೇ ಬಂದರೆ, ಕಷ್ಟ ಕಡಿಮೆ ಎಂದು ತಂದೆಯವರು ಹೇಳಿದ ಹೊಂದಾಣಿಕೆಯನ್ನೇ ಉಳಿಸಿಕೊಳ್ಳಿ.