ವೆಸ್ಟರ್ನ್ ಪ್ಲೆಷರ್‌ಗೆ ಕುದುರೆ ತಗೋಬೇಕು, ಅನುಭವ ಇದ್ದವರು ಹೇಳಿ

ಡಲ್ಲಾಸ್‌ನಿಂದ: ಮಗಳಿಗೆ 13 ವರ್ಷ. ವೆಸ್ಟರ್ನ್ ಪ್ಲೆಷರ್ ಅಂದರೆ ಕುದುರೆಯ ನಿಧಾನ, ನಯವಾದ ನಡೆ ನೋಡಿ ಅಂಕ ಕೊಡುವ ಸ್ಪರ್ಧೆ. ಮೂರು ವರ್ಷದಿಂದ ಪಾಠದ ಕುದುರೆ ಮೇಲೆ ಕಲಿಯುತ್ತಿದ್ದಾಳೆ, ಈಗ ಸ್ವಂತದ್ದು ಬೇಕಂತೆ. 11 ವರ್ಷದ ಕ್ವಾರ್ಟರ್ ಹಾರ್ಸ್ ತಳಿಯ ಗೆಲ್ಡಿಂಗ್ (ಬೀಜ ತೆಗೆದ ಗಂಡು) ನೋಡಿದ್ದೇವೆ. 14,000 ಡಾಲರ್ ಹೇಳುತ್ತಿದ್ದಾರೆ. ತಗೋಬಹುದಾ?

ಆಸ್ಟಿನ್‌ನಿಂದ: ಕೊಳ್ಳುವ ಮುಂಚೆ ಪರೀಕ್ಷೆಗೆ ವೆಟ್ ಬಂದ ದಿನ ಕುದುರೆಯ ರಕ್ತ ತೆಗೆಸಿಡಿ, ಮದ್ದು ಕೊಟ್ಟು ತೋರಿಸಿದ್ದರೆ ಆಮೇಲೆ ಗೊತ್ತಾಗುತ್ತೆ. ನಾನು ಕೆಟ್ಟಿದ್ದು ಅಲ್ಲೇ. 2021ರಲ್ಲಿ 9,500 ಕೊಟ್ಟು ಒಂದು ಮೇರ್ (ಹೆಣ್ಣು ಕುದುರೆ) ತಂದೆ. ನೋಡಲು ಹೋದಾಗ ಲಗಾಮು ಪೂರ್ತಿ ಸಡಿಲ ಬಿಟ್ಟರೂ ಉಯ್ಯಾಲೆ ತೂಗಿದ ಹಾಗೆ ಲೋಪ್ (ನಿಧಾನ ನೆಗೆತದ ಓಟ) ಮಾಡಿತು. ಎಕ್ಸ್‌ರೇಗೆ 600 ಜಾಸ್ತಿ ಅಂದರು, ನಾನೇ ಬೇಡ ಅಂದೆ. ಮನೆಗೆ ಬಂದ ಒಂಬತ್ತನೇ ದಿನ ಬಲ ಮುಂಗಾಲು ಊರಲಿಲ್ಲ. ಸಣ್ಣ ಸುತ್ತು ತಿರುಗಿಸಿದರೆ ಆ ಕಾಲು ಇಟ್ಟಾಗಲೆಲ್ಲ ತಲೆ ಮೇಲೆತ್ತುತ್ತಿತ್ತು. ನೆವಿಕ್ಯುಲರ್, ಗೊರಸಿನೊಳಗಿನ ಮೂಳೆಯ ರೋಗ. ಬ್ಯೂಟ್ ಅನ್ನೋ ನೋವಿನ ಮದ್ದು ಕೊಟ್ಟು ನೋವು ಮುಚ್ಚಿ ತೋರಿಸಿದ್ದರು ಅಂತ ನನ್ನ ಗುಮಾನಿ. ರಕ್ತವೇ ತೆಗೆದಿಡದ ಮೇಲೆ ಯಾರನ್ನು ಕೇಳೋದು? ಆರು ವಾರಕ್ಕೊಮ್ಮೆ ಪ್ಯಾಡ್ ಹಾಕಿದ ಲಾಳ, ಸಲಕ್ಕೆ 280. ಎರಡು ವರ್ಷದಲ್ಲಿ 17 ಸಲ. ಬರೀ ಲಾಳಕ್ಕೇ 4,760!

ಒಹಾಯೊದಿಂದ: ಅಗ್ಗದ ಕುದುರೆ ತಂದರೆ ಹೀಗೇ ಆಗೋದು. ನಾವು ಎರಡು ವರ್ಷದ ಮರಿ ತಗೊಂಡೆವು. ಟ್ರೇನರ್‌ಗೆ ತಿಂಗಳಿಗೆ 1,100ರಂತೆ 14 ತಿಂಗಳು, 15,400. ಎಲ್ಲ ಸರಿಹೋಯಿತು ಅನ್ನುವಾಗ ಕೋಲಿಕ್, ಜೋರು ಹೊಟ್ಟೆನೋವು. ರಾತ್ರಿ ಎರಡು ಗಂಟೆಗೆ ಟ್ರೇಲರ್ ಹತ್ತಿಸಿದೆವು, ಆಪರೇಷನ್ 11,200. ಇನ್ಶೂರೆನ್ಸ್ ಮುಗಿದು 12 ದಿನ ಆಗಿತ್ತು, ಒಂದು ಪೈಸೆ ಬರಲಿಲ್ಲ. ಆದರೂ ಹೋದ ಅಕ್ಟೋಬರ್‌ನಲ್ಲಿ ಕೊಲಂಬಸ್‌ನ ಕ್ವಾರ್ಟರ್ ಹಾರ್ಸ್ ಕಾಂಗ್ರೆಸ್ ಶೋನಲ್ಲಿ ನನ್ನ ಮಗಳು ಅದೇ ಕುದುರೆ ಮೇಲೆ ರಿಂಗ್‌ಗೆ ಇಳಿದಳು. ಒಂದು ಡಾಲರ್‌ಗೂ ನನಗೆ ಬೇಜಾರಿಲ್ಲ.

ಹ್ಯೂಸ್ಟನ್‌ನಿಂದ: ಎರಡನೇ ವರ್ಷಕ್ಕೇ ಜೀನು ಹಾಕಿಸಿದಿರಾ ಸರ್? ಬೆನ್ನಿನ ಮೂಳೆ ಬಲಿಯೋಕೆ ಐದಾರು ವರ್ಷ ಬೇಕು. ನಾನು ತಂದ ಕುದುರೆಗೂ ಹಾಗೇ ಮಾಡಿದ್ದರು. ಎಂಟನೇ ವರ್ಷಕ್ಕೇ ಹಿಂಗಾಲಿನ ಹಾಕ್ ಕೀಲು ಎರಡಕ್ಕೂ ಇಂಜೆಕ್ಷನ್, ವರ್ಷಕ್ಕೆ 900. ಇನ್ನು ಆ ಲೋಪ್! ಲೋಪ್ ಅಂದರೆ ಒಂದೊಂದು ದಾಪಿಗೂ ಗೊರಸಿನ ಸದ್ದು ಮೂರು ತಾಳ. ನಿಧಾನ ಮಾಡೋ ಹುಚ್ಚಿನಲ್ಲಿ ನಾಲ್ಕು ತಾಳ ಮಾಡಿಸುತ್ತಾರೆ, ಕುದುರೆ ಕುಂಟಿದ ಹಾಗೆ ಕಾಣುತ್ತೆ. ಕಿವಿಯ ತುದಿ ಹೆಗಲ ದಿಬ್ಬಕ್ಕಿಂತ ಕೆಳಗೇ ಇದ್ದರೆ ತಪ್ಪು ಅಂತ ನಿಯಮವೇ ಇದೆ.

ಫೀನಿಕ್ಸ್‌ನಿಂದ: ಯಾರೂ ವಂಶದ ಮಾತೇ ಎತ್ತಲಿಲ್ಲವಲ್ಲ. ನಮ್ಮ ಗೆಲ್ಡಿಂಗ್ ಪೇಪರ್‌ನಲ್ಲಿ 1969ರಲ್ಲಿ ಹುಟ್ಟಿದ ಹೆಸರಾಂತ ಗಂಡು ಕುದುರೆ ಇಂಪ್ರೆಸಿವ್ ಹೆಸರಿತ್ತು. ಎಂಥ ಮೈಕಟ್ಟು ಅಂತ ಹಿಗ್ಗಿದ್ದೆ. ಒಂದು ಬೆಳಿಗ್ಗೆ ಪಕ್ಕೆಯ ಚರ್ಮದ ಕೆಳಗೆ ಹುಳ ಹರಿದ ಹಾಗೆ ಮಾಂಸ ಅದುರುತ್ತಿತ್ತು, ಆಮೇಲೆ ಹಿಂಗಾಲು ಕುಸಿದು ಕೂತೇಬಿಟ್ಟ. ಎಚ್‌ವೈಪಿಪಿ, ಇಂಪ್ರೆಸಿವ್ ವಂಶದಲ್ಲಿ ಬರೋ ಸ್ನಾಯು ರೋಗ. ನಾವು ಪ್ರೀತಿಯಿಂದ ಹಾಕುತ್ತಿದ್ದ ಆಲ್ಫಾಲ್ಫಾದಲ್ಲಿ ಪೊಟ್ಯಾಸಿಯಂ ಜಾಸ್ತಿ, ಅದೇ ಅವನಿಗೆ ವಿಷ. ಬಾಲದ ನಾಲ್ಕು ಕೂದಲು ಡಿಎನ್‌ಎ ಪರೀಕ್ಷೆಗೆ ಕಳಿಸಿದ್ದರೆ ಮೊದಲೇ ಗೊತ್ತಾಗುತ್ತಿತ್ತು.

ಆಸ್ಟಿನ್‌ನಿಂದ: ಒಹಾಯೊ ಸರ್, 9,500 ನಿಮಗೆ ಅಗ್ಗ ಇರಬಹುದು, ನನಗೆ ನಾಲ್ಕು ವರ್ಷದ ಉಳಿತಾಯ. ಆ ಮೇರ್ ಇವತ್ತಿಗೂ ನನ್ನ ಹತ್ತಿರವೇ ಇದೆ. ಮಾರಿ ಇನ್ನೊಬ್ಬರ ತಲೆಗೆ ಕಟ್ಟಲಿಲ್ಲ.

ಒಹಾಯೊದಿಂದ: ಅಗ್ಗ ಅಂದಿದ್ದು ತಪ್ಪಾಯಿತು, ಹಿಂದಕ್ಕೆ ತಗೊಂಡೆ. ಆದರೆ ಹ್ಯೂಸ್ಟನ್ ಮೇಡಂ, ನನ್ನ ಕುದುರೆ ನೋಡದೇ ನಾಲ್ಕು ತಾಳ ಅಂದಿರಿ. ಶನಿವಾರ ವಿಡಿಯೊ ಹಾಕುತ್ತೇನೆ. ಕೂತು ಎಣಿಸಿ.